ಹಲಸಿನ ಬೀಜದ ಪ್ರೋಟೀನಿನ ಬೆನ್ನು ಹತ್ತಿದ ನನ್ನ ಅನುಭವ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಾರದ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಬಯೋಇನ್ಫರ್ಮ್ಯಾಟಿಕ್ಸ್ (ಜೀವವಿಜ್ಞಾನದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡುವ ವಿದ್ಯೆ) ದಕ್ಕುವುದಿಲ್ಲವೆಂದು ನಕ್ಕಿದ್ದ ಸಹೋದ್ಯೋಗಿಗಳಲ್ಲಿ ಇಬ್ಬರು ಈಗ ವಿಧಾನ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಬ್ರೌಸರ್ ಮತ್ತು ಒಂದು ನೋಟ್‌ಬುಕ್ಕಿನ ಹೊರತು ನಾನು ಬೇರೇನನ್ನೂ ಬಳಸಿಲ್ಲ.

ಮೊದಲು ಹೋದದ್ದು ದುಡ್ಡು. ಒಂದು ಆನ್‌ಲೈನ್ ಕೋರ್ಸಿಗೆ ಸುಮಾರು 9,000 ರೂಪಾಯಿ ಕಟ್ಟಿದೆ. ಅಲ್ಲಿ ಹೇಳಿಕೊಟ್ಟದ್ದೆಲ್ಲ, ಪ್ರೋಟೀನುಗಳ ಸಾರ್ವಜನಿಕ ದತ್ತಸಂಗ್ರಹವಾದ ಯೂನಿಪ್ರಾಟ್‌ನ ಸಹಾಯ ಪುಟಗಳಲ್ಲಿ ಬಿಟ್ಟಿಯಾಗಿಯೇ ಇತ್ತು. ಬಳಿಕ ಅದರದೇ ದೊಡ್ಡ ಭಾಗವಾದ ಟ್ರೆಂಬಲ್ ಸಂಗ್ರಹವನ್ನೇ ಇಳಿಸಿಕೊಳ್ಳುವ ಹುಚ್ಚು ಹಿಡಿದು 4,500 ರೂಪಾಯಿಯ ಹಾರ್ಡ್ ಡಿಸ್ಕ್ ತಂದೆ. ದಿನಕ್ಕೆ 2 ಜಿಬಿ ಡೇಟಾ ಇದ್ದವನಿಗೆ ಆ ಕಡತ ಎಂದು ಮುಗಿದೀತು? ಆ ಡಿಸ್ಕಿನಲ್ಲಿ ಈಗ ಮಗಳ ನಾಮಕರಣದ ವಿಡಿಯೊ ಇದೆ.

ಹುಡುಕುತ್ತಿದ್ದುದು ಹಲಸಿನ ಬೀಜದ ಲೆಕ್ಟಿನ್ (ಸಕ್ಕರೆಯ ಅಣುಗಳಿಗೆ ಅಂಟುವ ಪ್ರೋಟೀನ್) ಆದ ಜಾಕಲಿನ್. ಹೆಸರು ಹಿಡಿದು ಹುಡುಕಿದ್ದೇ ತಪ್ಪಾಯಿತು, ಏಕೆಂದರೆ ದಾಖಲೆಯಲ್ಲಿ ಅದು ಅಗ್ಲುಟಿನಿನ್ ಎಂದಿದೆ, ಹಳೆಯ ಬರಹಗಳಲ್ಲಿ ಮರದ ಹೆಸರೂ ಆರ್ಟೊಕಾರ್ಪಸ್ ಇಂಟೆಗ್ರಿಫೋಲಿಯಾ. ಆಗ ನಾನು ತಿರುವುಮುರುವಾಗಿ, ರಚನೆಯಿಂದ ಹೊರಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1996ರಲ್ಲಿ ಪ್ರಕಟಿಸಿದ ಜಾಕಲಿನ್ ರಚನೆ, ಪ್ರೋಟೀನುಗಳ ಮೂರು ಆಯಾಮದ ರಚನೆಗಳ ಭಂಡಾರವಾದ ಪಿಡಿಬಿಯಲ್ಲಿ 1ಜೆಎಸಿ ಎಂಬ ಗುರುತಿನಲ್ಲಿದೆ. ಅದರಲ್ಲಿ 133 ಅಮೈನೋ ಆಮ್ಲಗಳ ಆಲ್ಫಾ ಸರಪಳಿ ನಾಲ್ಕು, 20ರ ಬೀಟಾ ಸರಪಳಿ ನಾಲ್ಕು. ಅಲ್ಲಿನ ಕೊಂಡಿ ಹಿಡಿದು ಯೂನಿಪ್ರಾಟ್‌ಗೆ ತಲುಪಲು ಐದು ನಿಮಿಷ ಸಾಕಾಯಿತು.

ಆದರೆ ಆಲ್ಫಾವನ್ನು ಮಾತ್ರ, ಹೋಲುವ ಪ್ರೋಟೀನುಗಳನ್ನು ಹುಡುಕಿಕೊಡುವ ಬ್ಲಾಸ್ಟ್‌ಗೆ ಕೊಟ್ಟಾಗ, ಸಿಕ್ಕ ಬಂಧು ಪ್ರೋಟೀನುಗಳ ಎಡತುದಿಯ ಇಪ್ಪತ್ತು ಚಿಲ್ಲರೆ ಅಕ್ಷರಗಳು (ಒಂದು ಅಮೈನೋ ಆಮ್ಲಕ್ಕೆ ಒಂದು ಅಕ್ಷರ) ಜೋಡಿಯಿಲ್ಲದೆ ಉಳಿಯುತ್ತಿದ್ದವು. ಕಡತವೇ ಕೆಟ್ಟಿದೆಯೆಂದು ಎರಡು ವಾರ ಮತ್ತೆ ಮತ್ತೆ ಇಳಿಸಿಕೊಂಡೆ. ಬೀಟಾ ಒಂದನ್ನೇ ಕೊಟ್ಟರೆ, ಅಷ್ಟು ಚಿಕ್ಕ ತುಣುಕಿಗೆ ಇ-ವ್ಯಾಲ್ಯೂ (ಹೋಲಿಕೆ ಬರೀ ಆಕಸ್ಮಿಕವೇ ಎಂದು ತಿಳಿಸುವ ಅಂಕ) ನಂಬುವಂತಿರಲಿಲ್ಲ. ಕೊನೆಗೊಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಕೂಡಿಸಿದೆ: ಪ್ರೋಟೀನಿಗೆ ದಾರಿ ತೋರಿಸುವ ಸಿಗ್ನಲ್ ತುಣುಕು 21, ಆಮೇಲೆ ಕಳಚಿಹೋಗುವ ಪ್ರೊಪೆಪ್ಟೈಡ್ 39, ಬೀಟಾ 20, ಕತ್ತರಿಸಿ ಹೋಗುವ ನಾಲ್ಕು, ಆಲ್ಫಾ 133, ಒಟ್ಟು 217. ಗಿಡ ಇದನ್ನು ಒಂದೇ ಸರಪಳಿಯಾಗಿ ಹೆಣೆದು ಆಮೇಲೆ ಕತ್ತರಿಸುತ್ತದೆ, ಬೀಟಾ ಮೊದಲು, ಆಲ್ಫಾ ನಂತರ! ಬೀಟಾ, ಆ ನಾಲ್ಕು ಮತ್ತು ಆಲ್ಫಾವನ್ನು ಬೆಸೆದು 157 ಅಕ್ಷರ ಕೊಟ್ಟೊಡನೆ ಎಡತುದಿ ಕೂತಿತು. ಹೀಗೆ ಕತ್ತರಿಯೇ ಬೀಳದ ಆರ್ಟೊಕಾರ್ಪಿನ್ ಎಂಬ ಇನ್ನೊಂದು ಲೆಕ್ಟಿನ್, ಅದೇ ಹಲಸಿನದು, ಪಕ್ಕದಲ್ಲೇ ಬಂದು ನಿಂತಿತು. ಹುಡುಕಾಟದಲ್ಲಿ ಬಂದ ಉಳಿದ ಕಸವನ್ನು ಯಾವ ಮಿತಿಯಿಟ್ಟು ಸೋಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಕೈ ಪಳಗಲೆಂದು ರಕ್ತದ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನೂ ನೋಡಿದೆ. ಸಿಕಲ್ ಸೆಲ್ ರಕ್ತರೋಗದ ಬದಲಾವಣೆ ಆರನೆಯ ಸ್ಥಾನದಲ್ಲಿ ಎಂದು ವರ್ಷಗಟ್ಟಲೆ ಪಾಠ ಮಾಡಿದವನಿಗೆ ದಾಖಲೆಯಲ್ಲಿ ಅದು ಏಳನೆಯದಾಗಿ ಕಂಡಿತು, ಏಕೆಂದರೆ ಅಲ್ಲಿ ಆಮೇಲೆ ಕತ್ತರಿಸಿ ಹೋಗುವ ಮೊದಲ ಅಮೈನೋ ಆಮ್ಲ ಮೆಥಿಯೊನಿನ್ ಕೂಡ ಲೆಕ್ಕಕ್ಕಿದೆ. ಈಗ ಹೆಬ್ಬಲಸಿನ ಲೆಕ್ಟಿನ್ ಕೈಗೆತ್ತಿಕೊಂಡಿದ್ದೇನೆ, ಈ ಸಲವೂ ರಚನೆಯಿಂದಲೇ.