ಆರ್ ಬಿಲ್ಡ್ ಮಾಡಲು ಹೋಗಿ ಕಳೆದ ಮೂರು ದಿನ

ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ ಅಪ್ಪ 1994ರಿಂದ ಮಳೆ ಲೆಕ್ಕ ಬರೆದಿಡುತ್ತಿದ್ದಾರೆ. ಕೊಡಗಿನ ಬೆಳೆಗಾರರ ಲೆಕ್ಕ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆಗೂ ರೋಬಸ್ಟಾ ಫಸಲಿಗೂ ನಂಟು ಎಷ್ಟು ಅಂತ ನೋಡುವ ಆಸೆ ನನಗೆ. ಮೈಸೂರಿನ ಗೆಳೆಯ ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆದುಕೊಟ್ಟ. ನನ್ನ ಲ್ಯಾಪ್‌ಟಾಪಿನ ಲಿನಕ್ಸ್, ಅಂದರೆ ಉಬುಂಟು 20.04ರಲ್ಲಿ ಇದ್ದದ್ದು ಆರ್ 3.6. ಒಂದು ಹಂತದ ಫಲಿತಾಂಶವನ್ನು ಮುಂದಿನದಕ್ಕೆ ದಾಟಿಸಲು ಅವನು ಬಳಸಿದ್ದ ಪೈಪ್ ಚಿಹ್ನೆ (|>) ಬಂದದ್ದೇ 2021ರ 4.1ರಲ್ಲಿ. ಸ್ಕ್ರಿಪ್ಟ್ ಓಡಲೇ ಇಲ್ಲ. ರೆಡಿಮೇಡ್ ಪ್ಯಾಕೇಜ್ ಹಾಕಿಕೊಳ್ಳಬಹುದಿತ್ತು. ಸೋರ್ಸಿನಿಂದಲೇ, ಅಂದರೆ ಮೂಲ ಕೋಡ್ ಇಳಿಸಿಕೊಂಡು ನಾವೇ ಬಿಲ್ಡ್ ಮಾಡೋಣ ಅಂತ ಹೊರಟದ್ದು ಬರೀ ಚಪಲ.

ಬಿಲ್ಡಿಗೆ ಬೇಕಾದ್ದೆಲ್ಲ ಇದೆಯಾ ಅಂತ ನೋಡುವ ಕಾನ್ಫಿಗರ್ ಓಡಿಸಿದ ಕೂಡಲೇ ‘ಸಿ ಕಂಪೈಲರ್ ಕ್ಯಾನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್’ ಎಂದು ನಿಂತಿತು. ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸುವ ಕಂಪೈಲರ್ ಕೆಟ್ಟಿದೆ ಅಂದುಕೊಂಡು ಜಿಸಿಸಿಯನ್ನು (ಅದೇ ಆ ಕಂಪೈಲರ್) ಎರಡು ಸಲ ತೆಗೆದು ಮತ್ತೆ ಹಾಕಿದೆ. ಸುಮ್ನೆ ಡೇಟಾ ಖರ್ಚು. ಆಮೇಲೆ ಕಾನ್ಫಿಗರ್ ತನ್ನ ಕೆಲಸ ಬರೆದಿಡುವ ಕಾನ್ಫಿಗ್ ಡಾಟ್ ಲಾಗ್ ಫೈಲ್ ತೆರೆದೆ. ಅದರ ಕೊನೆಯಲ್ಲಿ ಏನೂ ಸಿಗುವುದಿಲ್ಲ, ಬರೀ ವೇರಿಯಬಲ್‌ಗಳ ಪಟ್ಟಿ. ಮೇಲಕ್ಕೆ ಹೋಗುತ್ತಾ ಹುಡುಕಿದರೆ ಒಂದು ಸಾಲು: ‘ಜಿಸಿಸಿ-7, ಕಮಾಂಡ್ ನಾಟ್ ಫೌಂಡ್’. ನಾನೆಲ್ಲಿ 7 ಕೇಳಿದೆ? ಉಬುಂಟು ಕೊಡುವುದು 9 ಅಲ್ವಾ!

ಕೇಳಿದ್ದು ನಾನೇ. ಯಾವುದೋ ಹಳೇ ಪ್ರಾಜೆಕ್ಟಿಗಾಗಿ ಟರ್ಮಿನಲ್ ತೆರೆದಾಗ ಓಡುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ, ಯಾವ ಸಿ ಕಂಪೈಲರ್ ಅಂತ ಹೇಳುವ ಸಿಸಿ ವೇರಿಯಬಲ್‌ಗೆ ಜಿಸಿಸಿ-7 ಅಂತ ಬರೆದು ಮರೆತಿದ್ದೆ. ಕಾನ್ಫಿಗರ್ ಅದನ್ನೇ ನಂಬಿತ್ತು. ಆ ಸಾಲು ಅಳಿಸಿ, ಹೊಸ ಟರ್ಮಿನಲ್ ತೆರೆದೆ. ಹಳೇ ಟರ್ಮಿನಲ್‌ನಲ್ಲಿ ಹಳೇ ಸೆಟ್ಟಿಂಗೇ ಉಳಿದಿರುತ್ತದೆ. ಅದು ಗೊತ್ತಾಗಲು ಇನ್ನರ್ಧ ಗಂಟೆ ಹೋಯಿತು.

ಮುಂದೆ ಫೋರ್ಟ್ರಾನ್ ಕಂಪೈಲರ್ ಇಲ್ಲ ಎಂದಿತು. ಈ ಕಾಲದಲ್ಲಿ ಆ ಹಳೇ ಭಾಷೆ ಫೋರ್ಟ್ರಾನಾ ಅಂತ ನಗಬೇಡಿ. ನೀವು ಆರ್‌ನಲ್ಲಿ ಒಂದು ಸರಳ ರಿಗ್ರೆಶನ್ (ಅಂಕಿಗಳ ನಂಟು ಅಳೆಯುವ ಲೆಕ್ಕ) ಮಾಡಿದರೂ ಒಳಗೆ ದುಡಿಯುವುದು ಫೋರ್ಟ್ರಾನ್ ಕೋಡೇ. ಜಿಫೋರ್ಟ್ರಾನ್ ಹಾಕಿದೆ. ರೀಡ್‌ಲೈನ್, ಪಿಸಿಆರ್‌ಇ2, ಕರ್ಲ್ ಎಂಬ ಲೈಬ್ರರಿಗಳ, ಬಿಲ್ಡಿಗೆ ಬೇಕಾದ ಡೆವ್ ಪ್ಯಾಕೇಜ್‌ಗಳನ್ನೂ ಒಂದೊಂದಾಗಿ ಕೇಳಿತು, ಕೊಟ್ಟೆ. ಪರದೆ ಮೇಲೆ ಕಿಟಕಿ ತೆರೆಯಲು ಬೇಕಾದ ಎಕ್ಸ್11 ಕೇಳಿದಾಗ ಮಾತ್ರ ಬೇಜಾರಾಗಿ ‘ವಿತ್ ಎಕ್ಸ್ ನೋ’ ಅಂದುಬಿಟ್ಟೆ. ಅದು ತಪ್ಪು. ಹಾಗೆ ಬಿಲ್ಡ್ ಮಾಡಿದರೆ ಗ್ರಾಫ್ ಕಿಟಕಿ ತೆರೆಯುವುದೇ ಇಲ್ಲ. ಆಮೇಲೆ ಹಳೇ ಬಿಲ್ಡ್ ಅಳಿಸುವ ಡಿಸ್ಟ್‌ಕ್ಲೀನ್ ಮಾಡಿ ಮೊದಲಿಂದ ಶುರು ಮಾಡಿದೆ.

ಎರಡನೇ ಸಲದ ಮೇಕ್ (ಕಂಪೈಲ್ ಮಾಡಿಸುವ ಕಮಾಂಡ್) ಅರ್ಧ ಆಗಿತ್ತು, ಕರೆಂಟ್ ಹೋಯಿತು. ಜೂನ್ ತಿಂಗಳು, ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಮರುದಿನ ಮೇಕ್ ಕೊಟ್ಟರೆ ಬಿಟ್ಟಲ್ಲಿಂದಲೇ ಹೊರಟಿತು. ಖುಷಿಯಾಯಿತು. ಆದರೆ ಕಂಪೈಲ್ ಆದ ತುಣುಕುಗಳನ್ನು ಲಿಂಕ್ ಮಾಡುವಾಗ, ಅಂದರೆ ಜೋಡಿಸುವಾಗ ‘ಫೈಲ್ ಟ್ರಂಕೇಟೆಡ್’. ಮತ್ತೆ ಕಂಪೈಲರ್ ಮೇಲೆ ಅನುಮಾನ. ನೋಡಿದರೆ ಅಂಥ ಒಂದು ತುಣುಕಿನ, ಅಂದರೆ ಡಾಟ್ ಓ ಫೈಲಿನ ಗಾತ್ರ ಸೊನ್ನೆ ಬೈಟ್. ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲ್ ಅದು. ಮೇಕ್ ನೋಡುವುದು ಫೈಲಿನ ಸಮಯವನ್ನು ಮಾತ್ರ, ಒಳಗೆ ಏನಿದೆ ಅಂತಲ್ಲ. ಅದೊಂದನ್ನು ಅಳಿಸಿ ಮತ್ತೆ ಮೇಕ್ ಕೊಟ್ಟೆ, ಉಳಿದದ್ದು ಸಲೀಸಾಗಿ ಮುಗಿಯಿತು.

ಒಂದು ಕಿವಿಮಾತು. ಕಾನ್ಫಿಗರ್ ಹೊತ್ತಿಗೆ ಸಿಕ್ಕ ಕಂಪೈಲರ್ ಹೆಸರುಗಳು ಮೇಕ್‌ಕಾನ್ಫ್ ಎಂಬ ಫೈಲಿನಲ್ಲಿ ಕೂತುಬಿಡುತ್ತವೆ. ನಾಳೆ ನೀವು ಆರ್‌ಗೆ ಹಾಕುವ ಪ್ಯಾಕೇಜ್‌ಗಳನ್ನು ಕಂಪೈಲ್ ಮಾಡುವುದೂ ಅವೇ. ನಿಮ್ಮ ಹೋಮ್ ಫೋಲ್ಡರಿನಲ್ಲಿರುವ ಡಾಟ್ ಆರ್ (.R) ಎಂಬ ಫೋಲ್ಡರಿನ ಒಳಗೆ ಮೇಕ್‌ವಾರ್ಸ್ ಫೈಲ್ ಇದ್ದರೆ ಅದರ ಮಾತೇ ನಡೆಯುತ್ತದೆ. ಅಲ್ಲೂ ಹಳೇ ಸಾಲು ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ‘ಆರ್ ಸಿಎಂಡಿ ಕಾನ್ಫಿಗ್ ಸಿಸಿ’ ಅಂತ ಕೊಟ್ಟರೆ ಈಗ ಯಾವ ಕಂಪೈಲರ್ ನಡೆಯುತ್ತಿದೆ ಅಂತ ತಾನೇ ಹೇಳುತ್ತದೆ.

ಮೂರನೇ ದಿನ ಸಂಜೆ ಗ್ರಾಫ್ ಬಂತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, “ಆ ಮಾರ್ಚಲ್ಲಿ ಅಷ್ಟು ಮಳೆ ಎಲ್ಲಿ ಬಂತು ಮಗಾ?” ಅಂದರು. ಪುಸ್ತಕದಲ್ಲಿ 1-5 ಅಂತಿತ್ತು. ಒಂದು ಇಂಚು ಐದು ಸೆಂಟು, ಅಂದರೆ 1.05. ನಾನು 1.5 ಅಂತ ಟೈಪ್ ಮಾಡಿದ್ದೆ. ಈಗ ಇಬ್ಬರೂ ಕೂತು ಪುಟ ಪುಟ ತಿದ್ದುತ್ತಿದ್ದೇವೆ. 2009ಕ್ಕೆ ಬಂದಿದ್ದೇವೆ.