ಮೋರೇರ ಬೆಟ್ಟಕ್ಕೆ ಒಂದು ದಿನ: ಹೇಗೆ ಹತ್ತುವುದು, ಯಾವುದನ್ನು ಮೊದಲು ನೋಡುವುದು

ಹಂಪಿಗೆ ಹೋದವರು ಹೊಳೆ ದಾಟಿ ಆನೆಗೊಂದಿ ನೋಡುತ್ತಾರೆ, ಅಂಜನಾದ್ರಿ ಹತ್ತುತ್ತಾರೆ, ಅಲ್ಲಿಂದಲೇ ವಾಪಸ್ ಹೊರಡುತ್ತಾರೆ. ಇನ್ನೊಂದು ದಿನ ಕೈಯಲ್ಲಿದ್ದರೆ ಗಂಗಾವತಿಗೆ ಬನ್ನಿ. ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಇದೆ. ಊರಿನ ಪಕ್ಕದ ಗುಡ್ಡದ ಮೇಲೆ ಶಿಲಾಯುಗ ಮುಗಿದು ಕಬ್ಬಿಣ ಬಳಕೆಗೆ ಬಂದ ಕಾಲದ ಕಲ್ಲಿನ ಸಮಾಧಿಗಳಿವೆ. ಒಂದಲ್ಲ ಎರಡಲ್ಲ, ಹತ್ತಿರ ಹತ್ತಿರ 400! ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಕಟ್ಟಿದವು ಎನ್ನುತ್ತಾರೆ. ಅಂದರೆ ವಿಜಯನಗರ ಹುಟ್ಟುವುದಕ್ಕೆ ಒಂದೂವರೆ ಸಾವಿರ ವರ್ಷ ಮೊದಲೇ ಇಲ್ಲಿ ಕೆಲಸ ಮುಗಿದಿತ್ತು. 2021ರಲ್ಲಿ ಈ ಜಾಗ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು.

ಊರವರಿಗೆ ಇದು ಮೋರೇರ ಬೆಟ್ಟ. ಮೋರೇರು ಎಂದರೆ ಬಹಳ ಗಿಡ್ಡ ಜನ, ಅವರು ವಾಸಕ್ಕೆ ಕಟ್ಟಿಕೊಂಡ ಮನೆಗಳಿವು ಎಂಬ ಕಥೆ ಇಲ್ಲಿ ನಡೆದು ಬಂದಿದೆ. ಮೇಲೆ ಹೋಗಿ ನೋಡಿದರೆ ಆ ಕಥೆ ಯಾಕೆ ಹುಟ್ಟಿತು ಎಂದು ಕೂಡಲೇ ತಿಳಿಯುತ್ತದೆ.

ಹೊರಡುವ ಮುಂಚೆ

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಸಮಯ. ಬೇಸಿಗೆಯಲ್ಲಿ ಬೇಡವೇ ಬೇಡ. ಕೊಪ್ಪಳ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆ ಅದನ್ನು ಹೀರಿಕೊಂಡು ಸಂಜೆಯವರೆಗೂ ಕಕ್ಕುತ್ತಿರುತ್ತದೆ. ಮಳೆ ಬಿದ್ದ ಮರುದಿನವೂ ಹೋಗಬೇಡಿ. ಪಾಚಿ ಹಿಡಿದ ಬಂಡೆ ಯಾರ ಕಾಲನ್ನೂ ಜಾರಿಸದೆ ಬಿಡುವುದಿಲ್ಲ.

ಒಬ್ಬೊಬ್ಬರಿಗೆ 3 ಲೀಟರ್ ನೀರು ಬೇಕು. ಮೇಲೆ ಅಂಗಡಿ ಇಲ್ಲ, ನೆರಳೂ ಕಡಿಮೆ. ನಾನು ಮೊದಲ ಸಲ ಒಂದೇ ಬಾಟಲಿ ಹಿಡಿದು ಹೊರಟಿದ್ದೆ. ಕೆಳಗೆ ಕುರಿ ಕಾಯುತ್ತಿದ್ದ ಕಾಕಾ ಒಬ್ಬರು ತಡೆದು, "ಇಷ್ಟ ನೀರು ಸಾಕಾಗೂದಿಲ್ರೀ, ತುಂಬಿಸ್ಕೊಂಡು ಬರ್ರಿ" ಎಂದರು. ಅವತ್ತು ಅವರ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತು ಎಂದು ಈಗಲೂ ನೆನೆಯುತ್ತೇನೆ. ಉದ್ದ ಪ್ಯಾಂಟು, ಹಿಡಿತವಿರುವ ಬೂಟು, ಟೋಪಿ, ಬುತ್ತಿ, ಇಷ್ಟಿದ್ದರೆ ಸಾಕು.

ಒಂಟಿಯಾಗಿ ಮಾತ್ರ ಹೋಗಬೇಡಿ. ಬಂಡೆಗಳ ನಡುವೆ ಕಾಲುದಾರಿ ಆಗಾಗ ಮಾಯವಾಗುತ್ತದೆ. ಕರಡಿ, ಚಿರತೆ ಓಡಾಡುವ ಸೀಮೆ ಕೂಡ ಇದು. ಊರಿನಲ್ಲಿ ದಾರಿ ಬಲ್ಲವರೊಬ್ಬರನ್ನು ಕೇಳಿ ಜೊತೆಗೆ ಕರೆದುಕೊಳ್ಳಿ.

ಹತ್ತುವುದು

ಬೆಳಿಗ್ಗೆ ಆರೂವರೆಗೆಲ್ಲ ಬುಡದಲ್ಲಿರಿ. ನಿಧಾನವಾಗಿ ಹತ್ತಿದರೂ ಒಂದೂವರೆ ಗಂಟೆಯಲ್ಲಿ ಮೇಲಿರುತ್ತೀರಿ. ತೀರಾ ಕಡಿದಾದ ಗುಡ್ಡವಲ್ಲ. ಆದರೆ ಮುಳ್ಳುಕಂಟಿ ಜಾಸ್ತಿ, ಕೈ ಇಡುವ ಮುಂಚೆ ಬಂಡೆಯ ಸಂದು ನೋಡಿಕೊಳ್ಳಿ. ದಾರಿಯಲ್ಲಿ ಕಲ್ಲಾಸರೆಗಳು, ಅಂದರೆ ಚಾಚಿದ ಬಂಡೆಯ ಅಡಿಯ ತಾವುಗಳು, ಸಿಗುತ್ತವೆ. ಅವುಗಳ ಗೋಡೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಪ್ರಾಣಿಗಳು, ಬೇಟೆಯಾಡುವ ಜನ. ಮಾಸಿದ ಗೆರೆ ಎದ್ದು ಕಾಣಲಿ ಎಂದು ಕೆಲವರು ನೀರು ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಒಂದೈದು ನಿಮಿಷ ಸುಮ್ನೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ, ಚಿತ್ರ ತಾನಾಗಿ ಕಾಣುತ್ತದೆ.

ಮೊದಲು ಕೆರೆ, ಆಮೇಲೆ ಮನೆ

ಮೇಲೆ ತಲುಪಿದ ಕೂಡಲೇ ಎಲ್ಲರೂ ಸಮಾಧಿಗಳ ಕಡೆ ಓಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಫೋಟೊ ತೆಗೆದು ಮಧ್ಯಾಹ್ನಕ್ಕೆ ಇಳಿದೆ. ನೋಡಿದ್ದು ಬಹಳ, ತಿಳಿದದ್ದು ಕಡಿಮೆ. ಎರಡನೇ ಸಲ ಹೋದಾಗ ಮೊದಲು ಅಲ್ಲಿನ ಕೆರೆಯ ದಂಡೆಯಲ್ಲಿ ಕೂತೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಅದು ಸಮಾಧಿಗಳಿಗೆ ಕಲ್ಲು ಕಿತ್ತ ಜಾಗ. ಕಲ್ಲು ತೆಗೆದ ಗುಂಡಿಯಲ್ಲಿ ಮಳೆನೀರು ನಿಂತು ಕೆರೆಯಾಗಿದೆ. ಸುತ್ತಲ ಬಂಡೆ ನೋಡಿ. ಗ್ರಾನೈಟ್ ಮೇಲಿನಿಂದ ಪದರ ಪದರವಾಗಿ ಬಿಟ್ಟುಕೊಳ್ಳುವ ಕಲ್ಲು, ಈರುಳ್ಳಿ ಸಿಪ್ಪೆಯ ಹಾಗೆ. ಆ ಜನಕ್ಕೆ ಈ ಗುಣ ಚೆನ್ನಾಗಿ ಗೊತ್ತಿತ್ತು. ಪದರ ಎಲ್ಲಿ ಸಡಿಲವಾಗಿದೆಯೋ ಅಲ್ಲೇ ಎಬ್ಬಿಸಿದರೆ ಅಗಲವಾದ ಚಪ್ಪಡಿ ಸಿಗುತ್ತದೆ. ಇದನ್ನು ಕಣ್ಣಾರೆ ನೋಡಿ ಸಮಾಧಿಗಳ ಹತ್ತಿರ ಹೋಗಿ. ಆಗ ಒಂದೊಂದು ಗೋಡೆಯೂ ಈ ಬಂಡೆಯಿಂದಲೇ ಎದ್ದು ನಡೆದು ಹೋದಂತೆ ಕಾಣುತ್ತದೆ.

ಒಂದು ಸಮಾಧಿಯ ಮುಂದೆ ಕನಿಷ್ಠ ಹತ್ತು ನಿಮಿಷ ನಿಲ್ಲಿ. ನಿಲ್ಲಿಸಿದ ಚಪ್ಪಡಿಗಳೇ ಗೋಡೆ, ಮೇಲೆ ಹೊದಿಸಿದ ಒಂದು ದೊಡ್ಡ ಚಪ್ಪಡಿಯೇ ಮಾಡು. ಗಾರೆ ಇಲ್ಲ, ಒಂದರ ಭಾರ ಇನ್ನೊಂದನ್ನು ಹಿಡಿದಿದೆ. ಎದುರಿನ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿರುವುದನ್ನು ಹುಡುಕಿ. ಗಿಡ್ಡ ಜನರ ಬಾಗಿಲು ಎಂಬ ಕಥೆ ಬಂದದ್ದು ಇದರಿಂದಲೇ ಇರಬೇಕು. ಕಿಂಡಿಯ ಅಂಚಿನ ದುಂಡು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಕೆಲವು ಆಳೆತ್ತರಕ್ಕಿಂತ ದೊಡ್ಡವು, ಹೆಚ್ಚೆಂದರೆ 3 ಮೀಟರ್ ಎತ್ತರ. ಕೆಲವು ಮೊಣಕಾಲಿನಷ್ಟೇ. ಬಂಡೆಯ ಅಡಿಯ ಪೊಳ್ಳನ್ನೇ ಕಲ್ಲು ಜೋಡಿಸಿ ಮುಚ್ಚಿದವೂ ಇವೆ.

ನಿಧಿಯ ಆಸೆಗೆ ಅಗೆದು ಬೀಳಿಸಿದವೂ ಕಣ್ಣಿಗೆ ಬೀಳುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಒಳಗೆ ನುಸುಳಬೇಡಿ, ಮಾಡಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ಎರಡು ಸಾವಿರ ವರ್ಷ ನಿಂತ ಕಲ್ಲು ಇವತ್ತೂ ನಿಲ್ಲುತ್ತದೆ ಎಂದುಕೊಳ್ಳಬೇಡಿ.

ಕೊನೆಗೆ ನಗಾರಿ

ಸುಮಾರು 10 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿ ಅರ್ಧಗೋಳದಂಥ ಕಲ್ಲೊಂದು ಕೂತಿದೆ. ಅದೇ ಕಲ್ಲಿನ ನಗಾರಿ. ಬಡಿದರೆ ಸದ್ದು ಕಿಲೋಮೀಟರ್ ದೂರಕ್ಕೆ ಕೇಳುತ್ತದಂತೆ. ಬಡಿಯಲೇಬೇಕು ಅನ್ನಿಸುತ್ತದೆ, ಅಲ್ವಾ? ಆದರೂ ಕೆಳಗೆ ನಿಂತೇ ನೋಡಿ. ಹತ್ತುವುದು ಅಪಾಯ, ಕಲ್ಲಿನಿಂದ ಕುಟ್ಟಿದರೆ ಅದಕ್ಕೂ ಗಾಯ.

ಮೂರು ಗಂಟೆಗೆ ಇಳಿಯಲು ಶುರು ಮಾಡಿ, ಕತ್ತಲಾಗುವ ಮುಂಚೆ ಊರು ಸೇರಬೇಕು. ಇಳಿಯುವಾಗ ಮಂಡಿಗೆ ಭಾರ ಜಾಸ್ತಿ, ಅಡ್ಡಡ್ಡ ಹೆಜ್ಜೆ ಇಡಿ. ಖಾಲಿ ಬಾಟಲಿ, ಕವರು ಎಲ್ಲವೂ ನಿಮ್ಮ ಚೀಲದಲ್ಲೇ ಕೆಳಗೆ ಬರಲಿ. ದಾರಿ ತೋರಿಸಿದವರಿಗೆ ಕೈತುಂಬ ಕೂಲಿ ಕೊಡಿ. ಅವತ್ತಿನ ಹೊಲದ ಕೆಲಸ ಬಿಟ್ಟು ನಿಮ್ಮ ಜೊತೆ ಬಂದಿರುತ್ತಾರೆ.