ಕೇಕಿನ ಮೇಲೊಂದು ಸೇಂಟ್ ಮೇರೀಸ್ ದ್ವೀಪ

ಬೇಸಿಗೆ ರಜೆ ಸಿಕ್ಕಿ ಬೆಂಗಳೂರಿನವರು, ಮುಂಬೈಯವರು ಎಲ್ಲ ಅಜ್ಜಿಮನೆಗೆ ಬಂದಮೇಲೆ ಯಾರದ್ದಾದರೂ ಹುಟ್ಟುಹಬ್ಬ ಇದ್ದೇ ಇರುತ್ತದೆ. ಇಲ್ಲದಿದ್ದರೂ ಕೇಕಿಗೆ ಒಂದು ನೆಪ ಸಿಗುತ್ತದೆ. ಎರಡು ವರ್ಷದ ಹಿಂದೆ ಉಡುಪಿಯ ನಮ್ಮ ಮನೆ ಜಗಲಿಯಲ್ಲಿ ಬಟರ್‌ಕ್ರೀಮ್ ಗುಲಾಬಿಗಳ ಕೇಕ್ ಇಟ್ಟಿದ್ದೆ. ಹಾಡು ಮುಗಿಯುವಷ್ಟರಲ್ಲಿ ಗುಲಾಬಿಗಳೆಲ್ಲ ಒಂದು ಬದಿಗೆ ಜಾರಿ ಬಿದ್ದವು. "ಇದೆಂತ, ಹಾಲುಬಾಯಿಯಾ?" ಅಂದರು ಚಿಕ್ಕಮ್ಮ.

ತಪ್ಪು ನನ್ನದೇ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯಲ್ಲಿ, ಕರಾವಳಿಯ ಮಧ್ಯಾಹ್ನವೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಈಗ ಬಿಸಿಲಿಗೆ ನಿಲ್ಲುವ ಸಾಮಾನು ಯಾವುದು ಅಂತ ಮೊದಲು ನೋಡುತ್ತೇನೆ, ಥೀಮ್ ಆಮೇಲೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ ಹೊಳೆದದ್ದು ಹಾಗೆ. ದೋಣಿಯಲ್ಲಿ ಹೋದವರಿಗೆ ಗೊತ್ತಲ್ಲ, ಕಂಬ ಕಂಬವಾಗಿ ನಿಂತ ಬಂಡೆಗಳು, ಕಾಲಡಿಯೆಲ್ಲ ಚಿಪ್ಪು, ನಡುವೆ ತೆಂಗಿನಮರ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಸೀಳಿ ಆದ ಕಂಬಗಳು ಅವು. ನಮಗೆ ಅದಕ್ಕೆ ಎರಡು ಪ್ಯಾಕೆಟ್ ಚಾಕೊಲೇಟ್ ವೇಫರ್ ಬಿಸ್ಕತ್ತು ಸಾಕು.

ಹಿಂದಿನ ದಿನ

ನಿಮಗೆ ಕೈಪಳಗಿದ ವೆನಿಲ್ಲಾ ಕೇಕನ್ನೇ ಎಂಟು ಇಂಚಿನ ಟಿನ್ನಿನಲ್ಲಿ ಎರಡು ಮಾಡಿಕೊಳ್ಳಿ. ಪೂರ್ತಿ ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ತಣ್ಣಗಿನ ಕೇಕನ್ನು ಕತ್ತರಿಸಿದರೆ ಪುಡಿ ಉದುರುವುದು ಕಡಿಮೆ.

ಇನ್ನು ಕಡಲು. ಇದಕ್ಕೆ ಜಿಲೆಟಿನ್ ಬೇಡ, ಅದು ನಮ್ಮ ಸೆಕೆಗೆ ನೀರಾಗುತ್ತದೆ, ಸಸ್ಯಾಹಾರಿಗಳಿಗೆ ಆಗುವುದೂ ಇಲ್ಲ. ಚೈನಾ ಗ್ರಾಸ್ ಪುಡಿ ತನ್ನಿ. ಒಮ್ಮೆ ಗಟ್ಟಿಯಾದರೆ 85 ಡಿಗ್ರಿ ದಾಟುವವರೆಗೂ ಅದು ಕರಗುವುದಿಲ್ಲ. ನೀಲಿ ಬಣ್ಣಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ, ಕಾಂಪೌಂಡಿನ ಮೇಲೆ ಹಬ್ಬಿದ ಶಂಖಪುಷ್ಪ ಸಾಕು. 15–20 ಹೂವಿನ ಹಸಿರು ತೊಟ್ಟು ಕಿತ್ತು ಅರ್ಧ ಲೀಟರ್ ನೀರಿನಲ್ಲಿ ಕುದಿಸಿದರೆ ಐದು ನಿಮಿಷದಲ್ಲಿ ದಳಗಳು ಬಿಳಿಚಿಕೊಂಡು, ನೀರು ಶಾಯಿಯಂತೆ ಕಡುನೀಲಿಯಾಗುತ್ತದೆ. ಸೋಸಿ, 5 ಗ್ರಾಂ ಪುಡಿ, ಐದು ಚಮಚ ಸಕ್ಕರೆ ಹಾಕಿ, ಗಂಟಾಗದಂತೆ ಕೈಯಾಡಿಸುತ್ತಾ ಎರಡು ನಿಮಿಷ ಚೆನ್ನಾಗಿ ಕುದಿಸಿ. ಬರೀ ಬಿಸಿ ಮಾಡಿದರೆ ಗಟ್ಟಿಯಾಗುವುದಿಲ್ಲ, ಕುದಿಯಲೇಬೇಕು. ಸ್ಟೀಲ್ ತಟ್ಟೆಗೆ ಸುರಿದು ಬಿಡಿ.

ನಿಂಬೆರಸ ಮಾತ್ರ ಹತ್ತಿರ ತರಬೇಡಿ. ನಮ್ಮಲ್ಲಿ ಒಬ್ಬ ಪುಟ್ಟ ಪಾನಕದ ಲೋಟ ಚೆಲ್ಲಿ ಅರ್ಧ ಕಡಲು ನೇರಳೆಯಾಗಿತ್ತು. ಸೂರ್ಯಾಸ್ತ ಅಂದುಕೊಂಡು ಅದನ್ನೇ ಬಡಿಸಿದೆವು. ಚೆನ್ನಾಗಿಯೇ ಇತ್ತು.

ಮರುದಿನ ಬೆಳಿಗ್ಗೆ

ಕ್ರೀಮ್ ಕೆಲಸ ಒಂಬತ್ತು ಗಂಟೆಯೊಳಗೆ ಮುಗಿಸಿಬಿಡಿ, ಸೆಕೆ ಏರಿದಮೇಲೆ ಅದು ಮಾತು ಕೇಳುವುದಿಲ್ಲ. 25% ಕೊಬ್ಬಿನ ಫ್ರೆಶ್ ಕ್ರೀಮ್ ತಂದು ಗಂಟೆಗಟ್ಟಲೆ ಬೀಟ್ ಮಾಡಿ ಅಳುವವರನ್ನು ನೋಡಿದ್ದೇನೆ. ಅದು ಗ್ರೇವಿಗೆ ಸರಿ, ಕೇಕಿಗಲ್ಲ. ಬೇಸಿಗೆಗೆ ನಾನ್‌ಡೈರಿ ವಿಪ್ಪಿಂಗ್ ಕ್ರೀಮೇ ವಾಸಿ. ರುಚಿ ಒಂದು ಮಟ್ಟ ಕಡಿಮೆ, ಒಪ್ಪುತ್ತೇನೆ, ಆದರೆ ನಿಲ್ಲುತ್ತದೆ. ಫ್ರೀಜರಿನಿಂದ ತೆಗೆದು ಫ್ರಿಜ್ಜಿನಲ್ಲಿಟ್ಟು, ಇನ್ನೂ ಒಂದಿಷ್ಟು ಐಸ್ ಚೂರು ಕೈಗೆ ಸಿಗುತ್ತಿರುವಾಗಲೇ ಬೀಟ್ ಮಾಡಿ. ಪಾತ್ರೆ, ಬೀಟರ್ ಕಡ್ಡಿ ಎರಡೂ 20 ನಿಮಿಷ ಫ್ರೀಜರಿನಲ್ಲಿದ್ದಿರಲಿ. ಕಡ್ಡಿ ಎತ್ತಿದಾಗ ತುದಿ ಬಾಗದೆ ನಿಂತರೆ ಸಾಕು.

ಕೆಳಗಿನ ಕೇಕೇ ಕಡಲು, ಅದನ್ನು ಇಡಿಯಾಗಿ ಬಿಡಿ. ಮೇಲಿನದನ್ನು ದ್ವೀಪದ ಹಾಗೆ ಅಂಕುಡೊಂಕಾಗಿ, ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ. ಉಳಿದ ಚೂರು ಮಕ್ಕಳ ಬಾಯಿಗೆ, ಅಡುಗೆಮನೆ ಸ್ವಲ್ಪ ಹೊತ್ತು ಶಾಂತವಾಗಿರುತ್ತದೆ. ಎರಡಕ್ಕೂ ಸಕ್ಕರೆ ನೀರು ಚಿಮುಕಿಸಿ. ದ್ವೀಪ ಕೂರುವ ಜಾಗದಲ್ಲಿ ಕ್ರೀಮಿನಿಂದ ಒಂದು ಕಟ್ಟೆ ಕಟ್ಟಿ, ಒಳಗೆ ಮುಂಡಪ್ಪ ಮಾವಿನ ಹೋಳು ತುಂಬಿ, ದ್ವೀಪವನ್ನು ಮೇಲೆ ಕೂರಿಸಿ. ಹೋಳಿನ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದಿರಬೇಕು, ಇಲ್ಲದಿದ್ದರೆ ದ್ವೀಪ ಮಲ್ಪೆ ಕಡೆಗೆ ಹೊರಟುಬಿಡುತ್ತದೆ. ಎಲ್ಲಕ್ಕೂ ತೆಳುವಾಗಿ ಕ್ರೀಮ್ ಸವರಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಎರಡನೇ ಕೋಟು ಹಚ್ಚಿ. ನುಣುಪಾಗಬೇಕಂತಿಲ್ಲ, ದ್ವೀಪ ಅಲ್ವಾ.

ಕೊನೆಯ ಒಂದು ಗಂಟೆ

ವೇಫರ್ ಬೇಗ ಮೆತ್ತಗಾಗುತ್ತದೆ, ಜೆಲ್ಲಿ ನೀರು ಬಿಡುತ್ತದೆ. ಅದಕ್ಕೇ ಇವೆರಡೂ ಕೊನೆಗೆ. ವೇಫರನ್ನು ಒಂದರಷ್ಟು ಇನ್ನೊಂದು ಇಲ್ಲದ ಹಾಗೆ ಮುರಿದು, ದ್ವೀಪದ ಒಂದೇ ಬದಿಗೆ ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿ. ಸುತ್ತಲೂ ಹಾಕಿದರೆ ಕೋಟೆಯಂತೆ ಕಾಣುತ್ತದೆ. ನಿಜವಾದ ಕಂಬಗಳಲ್ಲಿ ಆರು ಮೂಲೆಯವೇ ಜಾಸ್ತಿ, ಇದಕ್ಕೆ ನಾಲ್ಕೇ. ಯಾರೂ ಎಣಿಸುವುದಿಲ್ಲ ಅಂದುಕೊಂಡಿದ್ದೆ, ಭಾವ ಎಣಿಸಿದರು. ಉಳಿದ ಕಡೆ ಮಾರಿ ಬಿಸ್ಕತ್ತಿನ ಪುಡಿ ಮರಳು, ಅದರ ಮೇಲೆ ಉದುರಿಸಿದ ಕೊಬ್ಬರಿ ತುರಿಯೇ ಒಡೆದ ಚಿಪ್ಪು.

ತೆಂಗಿನಮರಕ್ಕೆ ಒಮ್ಮೆ ಕರಿಬೇವಿನ ಗರಿ ಸಿಕ್ಕಿಸಿದ್ದೆ. ನೋಡಲು ಬಹಳ ಚಂದ, ಆದರೆ ತಿನ್ನುವಾಗ ಕೇಕಿಗೆ ಒಗ್ಗರಣೆ ಹಾಕಿದ ಹಾಗಿತ್ತು. ಈಗ ತೊಳೆದ ತೆಂಗಿನ ಗರಿಯನ್ನೇ ಕತ್ತರಿಯಲ್ಲಿ ಸೀಳಿ ಚಕ್ಕೆ ಕಡ್ಡಿಯ ತುದಿಗೆ ಕಟ್ಟುತ್ತೇನೆ, ಬುಡಕ್ಕೆ ಫಾಯಿಲ್ ಸುತ್ತಿ ಚುಚ್ಚುತ್ತೇನೆ. ದೋಣಿಗೆ ಪಿಸ್ತಾ ಸಿಪ್ಪೆ. ಚಿಕ್ಕ ಮಕ್ಕಳಿದ್ದರೆ ದೋಣಿ ಬೇಡ, ನೇರ ಬಾಯಿಗೆ ಹೋಗುತ್ತದೆ.

ಈಗ ತಟ್ಟೆಯ ಜೆಲ್ಲಿಯನ್ನು ಫೋರ್ಕಿನಿಂದ ಗೀರಿ. ಚೂರು ಚೂರಾಗಿ ಮಿನುಗಲು ಶುರುವಾಗುತ್ತದೆ, ಅದೇ ಅಲೆ. ಜರಡಿಯಲ್ಲಿ ಐದು ನಿಮಿಷ ನೀರು ಬಸಿದು, ದ್ವೀಪದ ಸುತ್ತ ಚಮಚದಲ್ಲಿ ಹರಡಿ. ದಡದ ಹತ್ತಿರ ಒಂದು ಗೆರೆ ಬಿಳಿ ಕ್ರೀಮ್ ಎಳೆದರೆ ನೊರೆ.

ಕರೆಂಟ್ ಹೋಗುವುದು ಖಾತ್ರಿ ಇದ್ದರೆ ಅಗಲವಾದ ಹರಿವಾಣದಲ್ಲಿ ಐಸ್ ಹರಡಿ ಅದರ ಮೇಲೆ ಕೇಕಿನ ಬೋರ್ಡ್ ಇಡಿ. ಥರ್ಮಾಕೋಲ್ ಪೆಟ್ಟಿಗೆ ಬಳಸುವುದಾದರೆ ಹೊಸದನ್ನೇ ತನ್ನಿ. ಮಲ್ಪೆಯಿಂದ ಬಂಗುಡೆ ಬಂದ ಪೆಟ್ಟಿಗೆಯನ್ನು ಎಷ್ಟು ಸಲ ತೊಳೆದರೂ ಅದು ಬಂಗುಡೆಯ ಪೆಟ್ಟಿಗೆಯೇ.

ಕತ್ತರಿಸುವ ಮುಂಚೆ ಮರ, ದೋಣಿ ತೆಗೆದಿಡಿ. ಕಂಬಗಳಿರುವ ತುಂಡು ಯಾರಿಗೆ ಅನ್ನುವುದನ್ನೂ ಆಗಲೇ ತೀರ್ಮಾನಿಸಿ, ನಮ್ಮಲ್ಲಿ ಪ್ರತಿ ಸಲ ಜಗಳ ಆಗುವುದು ಅದಕ್ಕೇ.